ಕೊನೆಯ ಪೆಟ್ಟಿಗೆ ಮುಂಚಿನ ತಡೆ

ವೇದಿಕೆಯ ಮೇಲೆ ನನ್ನನ್ನು ಪರಿಚಯ ಮಾಡಿಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಲ್ಲರದೂ ಒಂದೇ ಪಾಠ. ಹೊಟ್ಟೆಪಾಡಿಗೆ ಕರೆಂಟಿನ ಕೆಲಸ, ಮನಸ್ಸಿಗೆ ಹಳೆಯ ವಾದ್ಯ. ಸನಾದಿ, ಶ್ರುತಿ, ಕಿನ್ನರಿ, ದಿಮ್ಮು ಎಂದು ನಾಲ್ಕು ನುಡಿಸುತ್ತಾರೆ. ಅಜ್ಜಂದಿರ ಕಾಲದ ಮಟ್ಟು ಬಿಟ್ಟು ಬೇರೆಯದನ್ನು ಮುಟ್ಟಿದವರಲ್ಲ. ಇಷ್ಟಕ್ಕೆ ಬಿಟ್ಟರೆ ಹೇಗೋ ಸಹಿಸಿಕೊಂಡೇನು. ಕಳೆದ ವರ್ಷ ಹೊನ್ನಾಳಿಯಲ್ಲಿ ಒಬ್ಬ ಮಹಾಶಯರು ಇನ್ನೊಂದು ಮಾತು ಸೇರಿಸಿದರು. "ಇವರ ಕಿವಿಗೆ ಮೋಸ ಮಾಡಲು ಯಾರಿಂದಲೂ ಸಾಧ್ಯವಿಲ್ಲ" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಸನಾದಿಯ ಪೀಪಿಯನ್ನು ಒದ್ದೆ ಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದೆ.

ನನ್ನ ಕಿವಿಗೆ ಯಾರೂ ಮೋಸ ಮಾಡಿಲ್ಲ, ಅದು ನಿಜ. ಕಿವಿ ಹೇಳಿದ್ದನ್ನು ನಾನೇ ಕೇಳಲಿಲ್ಲ. ಅದರಿಂದ ಒಬ್ಬರ ಎರಡು ಬೆರಳು ಹೋದವು, ಇನ್ನೊಬ್ಬನ ಕೆಲಸ ಹೋಯಿತು. ನನಗೆ ಮಾತ್ರ ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಎನ್ನುವುದು ಒಂದೂವರೆ ವರ್ಷ ನನಗೊಬ್ಬನಿಗೇ ಗೊತ್ತಿತ್ತು.

ನನ್ನ ಮನೆ ಚನ್ನಗಿರಿಯಲ್ಲಿ. ಕೆಲಸ ಹೊನ್ನಾಳಿಗೂ ನ್ಯಾಮತಿಗೂ ನಡುವಿನ ಒಂದು ವಿದ್ಯುತ್ ಉಪಕೇಂದ್ರದಲ್ಲಿ, ಸುತ್ತಲೂ ಮೆಕ್ಕೆಜೋಳದ ಹೊಲ. ಅಲ್ಲಿ ನಾನು ಆಪರೇಟರ್. ಯಾವ ಊರಿನ ಲೈನಿಗೆ ಯಾವಾಗ ಕರೆಂಟು ಬಿಡಬೇಕು, ಯಾವಾಗ ತೆಗೆಯಬೇಕು ಎಂಬ ಸ್ವಿಚ್ಚುಗಳು ನನ್ನ ಕೈಯಲ್ಲಿ. ಗಂಟೆಗೊಮ್ಮೆ ಮೀಟರ್ ನೋಡಿ ಬರೆಯುವುದು, ಫೋನ್ ಎತ್ತಿ ರೈತರಿಂದ ಬೈಸಿಕೊಳ್ಳುವುದು, ಮತ್ತೆ ಬರೆಯುವುದು. ಹೊರಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಹಗಲಿಡೀ ಗುಂಯ್ ಎನ್ನುತ್ತಿರುತ್ತದೆ. ಹೊಸಬರಿಗೆ ತಲೆನೋವು ತರುವ ಸದ್ದು ಅದು. ನನಗೆ ಮಾತ್ರ ಅದು ಸಂಬಳದ ಜೊತೆ ಪುಕ್ಕಟೆ ಸಿಕ್ಕ ಶ್ರುತಿ. ಉಬ್ರಾಣಿಯ ಅಜ್ಜ ಕೊಟ್ಟ ಶ್ರುತಿವಾದ್ಯಕ್ಕಿಂತ ಅದು ಒಂದು ಕೂದಲೆಳೆಯಷ್ಟು ಕೆಳಗೆ. ಲೋಡು ಜಾಸ್ತಿಯಾದರೆ ಅದರ ದನಿ ದಪ್ಪವಾಗುತ್ತದೆ. ಮೀಟರ್ ನೋಡದೆಯೇ ನಾನು ಲೋಡು ಹೇಳುತ್ತಿದ್ದೆ. ಪಾಳಿಯ ಜೊತೆಗಾರರು ಪಂಥ ಕಟ್ಟಿ ಸೋತು ನನಗೆ ಚಹಾ ಕುಡಿಸಿದ್ದಾರೆ.

"ಊರಿಗೆಲ್ಲ ಉಪಕಾರಿ ಕಿವಿ" ಎನ್ನುತ್ತಾಳೆ ನನ್ನ ಹೆಂಡತಿ. "ಮನೆಯಾಗೆ ಕುಕ್ಕರ್ ಐದು ಸಲ ಕೂಗಿದ್ರೂ ಕೇಳ್ಸಲ್ಲ."

ಉಬ್ರಾಣಿಯ ಅಜ್ಜ ನನ್ನ ಸ್ವಂತ ಅಜ್ಜನಲ್ಲ. ವಾದ್ಯ ಕಲಿಸಿದವರು. ಅವರ ಹತ್ತಿರ ಇದ್ದದ್ದು ಕರಡಿ ಮಜಲಿನ ಹಳೆಯ ಮಟ್ಟುಗಳು. ಕರಡೆ ಎಂಬ ದೊಡ್ಡ ಚರ್ಮವಾದ್ಯವನ್ನು ಕೊರಳಿಗೆ ಹಾಕಿಕೊಂಡು ಒಬ್ಬರು ಮುಂದೆ ನಿಲ್ಲುತ್ತಾರೆ, ಅವರೇ ಮೇಳದ ಯಜಮಾನ. ಹಿಂದೆ ಸನಾದಿ, ಶ್ರುತಿ, ದಿಮ್ಮು, ತಾಳ. ಯಾರು ಬಾರದಿದ್ದರೂ ಅವರ ಜಾಗದಲ್ಲಿ ನಿಲ್ಲಬಲ್ಲೆ ಎಂದು ನಾನು ಕರಡೆಯೊಂದನ್ನು ಬಿಟ್ಟು ಎಲ್ಲವನ್ನೂ ಕಲಿತೆ. ಕರಡೆಯನ್ನು ಅಜ್ಜ ಕಲಿಸಲಿಲ್ಲ. "ನಿನಗೆ ಅವಸರ ಜಾಸ್ತಿ" ಎಂದರು. ಇಪ್ಪತ್ತೈದರ ವಯಸ್ಸಿನಲ್ಲಿ ಕೇಳಿದ ಆ ಮಾತಿಗೆ ನಾನು ವಾರಗಟ್ಟಲೆ ಮುನಿಸಿಕೊಂಡಿದ್ದೆ. ಈಗ ಅನ್ನಿಸುತ್ತದೆ, ಅಜ್ಜ ಆಗಲೇ ಕಂಡಿದ್ದರು.

ಮದುವೆ ಮನೆಯವರು ಸಿನಿಮಾ ಹಾಡು ಕೇಳಿದರೆ ಅಜ್ಜ ಚಾಪೆ ಸುತ್ತಿ ಎದ್ದುಬಿಡುತ್ತಿದ್ದರು. "ಅವರು ಕೇಳಿದ್ರು ಅಂತ ಸಿನಿಮಾ ಹಾಡು ಊದಿದ್ರೆ ನಿನ್ನ ಸನಾದಿ ತಗೊಂಡೋಗಿ ಒಲೆಗಿಡ್ತೀನಿ ನೋಡು" ಎಂದು ನನಗೆ ಬೆದರಿಕೆ ಬೇರೆ. ಅವರದು ಇನ್ನೊಂದು ಕಟ್ಟುನಿಟ್ಟಿತ್ತು. ಮಜಲನ್ನು ಎತ್ತಿದವರೇ ಇಳಿಸಬೇಕು. ಕರಡೆಯವರು ಶುರು ಮಾಡಿದ್ದನ್ನು ಕರಡೆಯವರೇ ಮುಗಿಸಬೇಕು; ದಿಬ್ಬಣ ಮುಂದೆ ಹೋಗಿಬಿಟ್ಟರೂ, ಮಳೆ ಬಂದರೂ, ಬೇರೆ ಯಾರೂ ನಿಲ್ಲಿಸುವಂತಿಲ್ಲ. ಮುಗಿಸುವುದಕ್ಕೂ ಒಂದು ವರಸೆ: ಮೂರು ಬಿಡಿ ಪೆಟ್ಟು, ಎರಡು ಜೋಡಿ ಪೆಟ್ಟು, ಆಮೇಲೆ ಒಂದು ಉಸಿರಿನಷ್ಟು ತಡೆ, ಕೊನೆಗೆ ಒಂದೇ ಒಂದು ಪೆಟ್ಟು.

"ಆ ತಡೆ ಐತಲ್ಲ, ಅದು ಚಂದಕ್ಕೆ ಇಟ್ಟಿದ್ದಲ್ಲ" ಎನ್ನುತ್ತಿದ್ದರು ಅಜ್ಜ. "ಅಲ್ಲಿ ಕಣ್ಣಾಡಿಸ್ಬೇಕು. ಊದೋರು, ತಾಳದೋರು, ದಿಮ್ಮಿನೋರು ಎಲ್ಲಾ ಬಂದು ಸೇರ್ಯಾರೋ ಇಲ್ಲೋ ನೋಡ್ಬೇಕು. ಒಬ್ಬ ಹಿಂದೆ ಉಳಿದಿದ್ರೂ ಕೊನೇ ಪೆಟ್ಟು ಹಾಕಂಗಿಲ್ಲ."

ಅಜ್ಜ ತೀರಿಕೊಂಡ ಮೇಲೆ ಮೇಳಕ್ಕೆ ಯಜಮಾನರಾದವರು ನ್ಯಾಮತಿಯ ಒಬ್ಬ ಲೈನ್‌ಮ್ಯಾನ್. ನಮ್ಮ ಉಪಕೇಂದ್ರದ ಲೈನುಗಳ ಮೇಲೆಯೇ ಅವರ ಕೆಲಸ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವರು. ಕೆಲಸದ ಫೋನಿನಲ್ಲಿ ನನ್ನನ್ನು "ಸಾರ್" ಎನ್ನುವರು. ಕೊರಳಿಗೆ ಕರಡೆ ಬಿದ್ದ ಕೂಡಲೇ "ಏ ಸನಾದಿ, ಎಲ್ಲಿ ನೋಡ್ತೀಯ ಇತ್ಲಾಗೆ" ಎಂದು ಗದರುವರು. ನನಗೆ ಎರಡನೆಯದೇ ಇಷ್ಟ. ತಾಳ ಹಿಡಿಯುತ್ತಿದ್ದವನು ಅವರ ಗ್ಯಾಂಗಿನ ಸಹಾಯಕ, ಕೆರೆಬಿಳಚಿಯವನು. ಮೂವತ್ತೈದರ ಆಸುಪಾಸು, ಎರಡು ಮಕ್ಕಳ ತಂದೆ, ಗುತ್ತಿಗೆಯ ಮೇಲೆ ಕೆಲಸ. ಯಜಮಾನರು ನಿಂತ ಹಾಗೆ ನಿಲ್ಲುವುದು, ಅವರು ಮಂಡಕ್ಕಿಗೆ ಮೆಣಸಿನಕಾಯಿ ಕಚ್ಚಿದ ಹಾಗೆ ಕಚ್ಚುವುದು, ಎಲ್ಲದರಲ್ಲೂ ಅವರದೇ ನಕಲು. ಇವತ್ತಲ್ಲ ನಾಳೆ ಕರಡೆ ತನಗೆ ಬರುತ್ತದೆ ಎಂಬ ಆಸೆ ಅವನಿಗೆ.

ಇನ್ನು ನಮ್ಮ ಕೆಲಸದ ಕಟ್ಟುನಿಟ್ಟು ಹೇಳಬೇಕು. ಲೈನ್‌ಮ್ಯಾನ್ ಕಂಬ ಹತ್ತುವ ಮುಂಚೆ ಫೋನ್ ಮಾಡಿ ಆಪರೇಟರ್ ಹತ್ತಿರ ಎಲ್‌ಸಿ ಕೇಳುತ್ತಾನೆ. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ನಾನು ಆ ಲೈನಿನ ಬ್ರೇಕರ್ ಎಂಬ ದೊಡ್ಡ ಸ್ವಿಚ್ ತೆಗೆದು, 'ಕೆಲಸ ನಡೆದಿದೆ' ಎಂಬ ಫಲಕ ತೂಗುಹಾಕಿ, ಪುಸ್ತಕದಲ್ಲಿ ಬರೆದು, "ಕೊಟ್ಟಿದೆ" ಎನ್ನಬೇಕು. ಆಮೇಲೆ ಅವರು ಅಲ್ಲಿ ತಂತಿಗೆ ಅರ್ಥ್ ರಾಡ್ ಸಿಕ್ಕಿಸಿಕೊಂಡು ಹತ್ತುತ್ತಾರೆ. ತಪ್ಪಿ ಕರೆಂಟು ಬಂದರೂ ಅದು ನೆಲಕ್ಕೆ ಹೋಗಲಿ ಎಂದು. ಕೆಲಸ ಮುಗಿದ ಮೇಲೆ ಎಲ್‌ಸಿ ವಾಪಸ್. ತೆಗೆದುಕೊಂಡವರೇ ವಾಪಸ್ ಕೊಡಬೇಕು, ತಮ್ಮ ಬಾಯಿಂದಲೇ ಹೇಳಬೇಕು. ಅಣ್ಣ ತಮ್ಮ ಬಂದು ಹೇಳಿದರೂ ನಡೆಯುವುದಿಲ್ಲ. ಮೊದಲ ಸಲ ಇದನ್ನು ಓದಿದಾಗ ನಕ್ಕಿದ್ದೆ, ಇದು ನಮ್ಮ ಅಜ್ಜನದೇ ಕಾನೂನು ಎಂದು.

ಒಂದು ಮಳೆಗಾಲದಲ್ಲಿ ಸಿಗ್ನಲ್ ಸರಿ ಸಿಗದೆ ಯಜಮಾನರ ಮಾತು ತುಂಡುತುಂಡಾಗಿ ಕೇಳುತ್ತಿತ್ತು. "ಹಲೋ ಹಲೋ" ಎಂದು ಕೂಗಿ ಕೂಗಿ ರೋಸಿದ ಅವರು ಕೈಯಲ್ಲಿದ್ದ ಕಟಿಂಗ್ ಪ್ಲೈಯರ್‌ನಿಂದ ಕಬ್ಬಿಣದ ಕಂಬಕ್ಕೆ ಬಡಿದರು. ಮೂರು ಬಿಡಿ, ಎರಡು ಜೋಡಿ, ತಡೆ, ಒಂದು. ಮಜಲು ಮುಗಿಸುವ ಪೆಟ್ಟು. ಮಾತಿಗಿಂತ ಸ್ಪಷ್ಟವಾಗಿ ಕೇಳಿತು. ನಾನು ನಕ್ಕು, ಲೈನಿಗೆ ಕರೆಂಟು ಬಿಟ್ಟೆ. ಅವತ್ತು ತಮಾಷೆಗೆ ಆದದ್ದು ಮುಂದೆ ರೂಢಿಯೇ ಆಯಿತು. ಅವರು ಬಡಿಯುವರು, ನಾನು ಪುಸ್ತಕದಲ್ಲಿ 'ಮೌಖಿಕವಾಗಿ ಹಿಂತಿರುಗಿಸಲಾಗಿದೆ' ಎಂದು ಬರೆಯುವೆ. ಪ್ರತಿ ಸಲವೂ ಅದೊಂದು ಸುಳ್ಳು. ಆದರೂ ನಮಗೆ ಅದರಲ್ಲಿ ಜಂಬ. ಬಾಯಲ್ಲಿ ಹೇಳಿದ ಮಾತನ್ನಾದರೂ ಯಾರಾದರೂ ಅನುಕರಿಸಬಹುದು, ಆ ಕೈಯನ್ನು ಅನುಕರಿಸುವುದು ಯಾರಿಂದ ಆದೀತು ಎಂದು ನಾನೇ ಅವರಿಗೆ ಹೇಳಿದ್ದೆ. ತಾಳದವನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ.

ಆ ದಿನ ಸಂಜೆ ಜಗಳೂರಿನಲ್ಲಿ ಒಂದು ಮದುವೆ. ಹುಡುಗಿಯ ತಂದೆ ನಿವೃತ್ತ ಮೇಷ್ಟ್ರು. ಬ್ಯಾಂಡ್ ಬೇಡ, ಹಳೆಯ ವಾದ್ಯವೇ ಬೇಕು ಎಂದು ಹಟ ಹಿಡಿದು ನಮ್ಮನ್ನು ಹುಡುಕಿಕೊಂಡು ಬಂದಿದ್ದರು. ನಮ್ಮ ಕಾಲದಲ್ಲಿ ಹೀಗೆ ಕೇಳುವವರು ಎಷ್ಟು ಮಂದಿ? ಎಂಟು ದಿನದಿಂದ ನನಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಬೆಳಗಿನ ಪಾಳಿ ಎರಡು ಗಂಟೆಗೆ ಮುಗಿಯುತ್ತದೆ, ಮುಗಿದ ಕೂಡಲೇ ಹೊರಟರೆ ದಾವಣಗೆರೆ ದಾಟಿ ಆರು ಗಂಟೆಯೊಳಗೆ ಜಗಳೂರು. ಬಾಡಿಗೆ ಗಾಡಿ ಒಂದು ಗಂಟೆಗೇ ಬಂದು ಗೇಟಿನ ಹೊರಗೆ ನಿಂತಿತ್ತು. ವಾದ್ಯಗಳನ್ನೆಲ್ಲ ತುಂಬಿಯಾಗಿತ್ತು.

ಅಷ್ಟರಲ್ಲಿ ಯಜಮಾನರಿಗೆ ಒಂದು ಕೆಲಸ ಬಂತು. ಹೊಲದ ನಡುವೆ ಒಂದು ಕಂಬದ ಮೇಲೆ ಎರಡು ಲೈನು ಕೂಡಿಸುವ ಜಂಪರ್ ತಂತಿ ಸುಟ್ಟು ಪಂಪ್‌ಸೆಟ್ಟುಗಳು ನಿಂತಿದ್ದವು. "ಅರ್ಧ ಗಂಟೆ ಕೆಲ್ಸ ಸಾರ್, ಮುಗಿಸ್ಕೊಂಡು ಅಲ್ಲೇ ಗಾಡಿ ಹತ್ತಿಬಿಡ್ತೀನಿ" ಎಂದು ಎಲ್‌ಸಿ ತೆಗೆದುಕೊಂಡರು. ನಾನು ಕೊಟ್ಟೆ. ಮುಂದಿನ ಪಾಳಿಯವರು ಬಂದು ಕೈಚೀಲ ಇಟ್ಟರು. ಎಲ್‌ಸಿ ವಾಪಸ್ ಬಂದುಬಿಟ್ಟರೆ ನಾನೂ ಖಾಲಿ, ಯಜಮಾನರೂ ಖಾಲಿ. ಮೇಷ್ಟ್ರು ಮೂರು ಸಲ ಫೋನ್ ಮಾಡಿದ್ದರು. ಗಾಡಿಯವನು ಹಾರ್ನ್ ಒತ್ತುತ್ತಿದ್ದ.

ಎರಡಕ್ಕೆ ಹತ್ತು ನಿಮಿಷವಿತ್ತು, ಫೋನ್ ಬಂತು. ಯಜಮಾನರ ನಂಬರು. ಮಾತಿಲ್ಲ. ಕಂಬಕ್ಕೆ ಬಡಿಯುವ ಸದ್ದು. ಮೂರು ಬಿಡಿ, ಎರಡು ಜೋಡಿ, ಅದರ ಬೆನ್ನಿಗೇ ಕೊನೆಯ ಪೆಟ್ಟು.

ತಡೆ ಇರಲಿಲ್ಲ.

ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಯಜಮಾನರು ಎಂಥ ಅವಸರದಲ್ಲೂ ಆ ತಡೆ ಬಿಟ್ಟವರಲ್ಲ. ಅಲ್ಲದೆ ಅವರ ಕೈ ಭಾರ. ಪೆಟ್ಟು ಬಿದ್ದಲ್ಲೇ ಒಂದು ಕ್ಷಣ ಒತ್ತಿ ಹಿಡಿಯುತ್ತದೆ. ಇದು ತಾಳ ಹಿಡಿಯುವ ಕೈ, ಪೆಟ್ಟು ಹಾಕಿದೊಡನೆ ಸದ್ದು ಹಾರಲು ಬಿಟ್ಟುಬಿಡುವ ಕೈ. ಯಜಮಾನರಲ್ಲ ಎನ್ನುವುದು ಮಾತ್ರವಲ್ಲ, ಯಾರು ಎನ್ನುವುದೂ ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. "ಫೋನ್ ಅವರಿಗೆ ಕೊಡಪ್ಪ" ಎನ್ನಬೇಕಿತ್ತು. ಮೂರು ಪದ. ಅವರೇ ಬಡಿ ಎಂದಿರಬಹುದು, ಪಕ್ಕದಲ್ಲೇ ನಿಂತಿರಬಹುದು ಎಂದುಕೊಂಡೆ. ಜಗಳೂರು ದೂರವಿದೆ ಎಂದುಕೊಂಡೆ. ಫಲಕ ತೆಗೆದು ಸ್ವಿಚ್ ತಿರುಗಿಸಿದೆ.

ಬ್ರೇಕರ್ ಧಡ್ ಎಂದು ಹಾಕಿಕೊಂಡಿತು, ಮರುಕ್ಷಣವೇ ಮತ್ತೆ ಧಡ್ ಎಂದು ತಾನಾಗಿ ಆರಿತು; ಲೈನಿನಲ್ಲಿ ಏನೋ ಆಗಿದೆ ಎಂದರ್ಥ. ಅಲಾರಂ ಕೂಗಿತು. ಗೇಟಿನ ಹೊರಗೆ ಗಾಡಿಯವನು ಮತ್ತೆ ಹಾರ್ನ್ ಒತ್ತಿದ.

ಆಮೇಲೆ ಗೊತ್ತಾಗಿದ್ದು ಇಷ್ಟು. ಯಜಮಾನರು ಜಂಪರ್ ಕಟ್ಟಿ ಕೆಳಗಿಳಿದು, "ಮುಗೀತು, ರಾಡ್ ತೆಗಿ" ಎಂದು ತಾಳದವನಿಗೆ ಹೇಳಿದ್ದರು. ರಾಡ್ ಇದ್ದದ್ದು ಎರಡು ಕಂಬದ ಆಚೆ. ಇವನು ಅಲ್ಲಿಗೆ ಹೋಗಿ ರಾಡ್ ಬಿಚ್ಚಿದ. ಅಷ್ಟರಲ್ಲಿ ಯಜಮಾನರು ತಲೆಯೆತ್ತಿ ನೋಡಿದರೆ ಮುಂದಿನ ಕಂಬದ ಪಿಂಗಾಣಿಯ ಮೇಲೆ ಕಟ್ಟುತಂತಿ ಸಡಿಲ. ನಾಳೆ ಮತ್ತೆ ಬರುವುದು ಬೇಡ, ಎರಡು ಸುತ್ತು ಸುತ್ತಿಬಿಡೋಣ ಎಂದು ಹತ್ತಿದರು. ಆಳೆತ್ತರದ ಮೆಕ್ಕೆಜೋಳ, ಬಾಗಿದ ಬೇಲಿಗಿಡ, ಇವನಿಗೆ ಕಾಣಲಿಲ್ಲ. ಯಜಮಾನರ ಅಂಗಿ ಬೈಕಿನ ಮೇಲಿತ್ತು, ಅಂಗಿಯ ಜೇಬಿನಲ್ಲಿ ಫೋನಿತ್ತು. ಜಗಳೂರಿಗೆ ಹೊತ್ತಾಯಿತು ಎನ್ನುವುದು ಇವನಿಗೂ ಗೊತ್ತಿತ್ತು; ಅದೇ ಫೋನಿನಿಂದ ನನಗೆ ಕರೆ ಮಾಡಿ ಕಂಬಕ್ಕೆ ಬಡಿದ.

ಬಲಗೈಯ ಎರಡು ಬೆರಳು ತೆಗೆದರು, ತೋರುಬೆರಳು ಮತ್ತು ನಡುಬೆರಳು. ಮುಂಗೈಯಿಂದ ಮೊಣಕೈವರೆಗೆ ಸುಟ್ಟಿತ್ತು. ಜೀವ ಉಳಿದದ್ದೇ ಪುಣ್ಯ ಎಂದರು ಎಲ್ಲರೂ. ದಾವಣಗೆರೆಯ ಆಸ್ಪತ್ರೆಯಲ್ಲಿ ಮೂರನೆಯ ದಿನ ನನ್ನನ್ನು ಒಳಗೆ ಬಿಟ್ಟಾಗ ಅವರು ಕೇಳಿದ ಮೊದಲ ಮಾತು, "ಜಗಳೂರಿಗೆ ಹೋದ್ರಾ?"

"ಇಲ್ಲ" ಎಂದೆ.

"ಹೋಗ್ಬೇಕಿತ್ತು. ಮದ್ವಿ ಮನೆ ಅಲ್ವಾ, ಪಾಪ, ಎಷ್ಟು ಆಸೆ ಇಟ್ಕಂಡಿದ್ರೋ."

ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಅತ್ತದ್ದನ್ನು ಕಂಡವರು ಎಂಥ ಸ್ನೇಹ ಎಂದುಕೊಂಡರು.

ವಿಚಾರಣೆಗೆ ಬಂದವರ ಮುಂದೆ ನಾನು ಒಂದೇ ವಾಕ್ಯ ಬರೆದುಕೊಟ್ಟೆ. ಲೈನ್‌ಮ್ಯಾನರ ಸ್ವಂತ ಮೊಬೈಲಿನಿಂದಲೇ ಕರೆ ಬಂದಿದ್ದರಿಂದ ಅವರೇ ಹಿಂತಿರುಗಿಸಿದ್ದಾರೆಂದು ನಂಬಿದೆ. ಕಂಬಕ್ಕೆ ಬಡಿಯುವ ಸುದ್ದಿಯನ್ನು ನಾನು ಎತ್ತಲಿಲ್ಲ. ಆಶ್ಚರ್ಯವೆಂದರೆ ತಾಳದವನೂ ಎತ್ತಲಿಲ್ಲ. "ನಾನೇ ಫೋನ್ ಮಾಡ್ದೆ, ಅವರ ಥರಾನೇ ದನಿ ಮಾಡಿ ವಾಪಸ್ ಅಂತ ಹೇಳ್ದೆ" ಎಂದು ಒಪ್ಪಿಕೊಂಡುಬಿಟ್ಟ. ಹಿರಿಯರಾದ ನಮ್ಮಿಬ್ಬರ ಮಾನ ಉಳಿಸಲು ಹೇಳಿದ ಸುಳ್ಳು ಅದು. ಗುತ್ತಿಗೆಯವರು ಅವನಿಗೆ ಮರುದಿನದಿಂದ ಬರಬೇಡ ಎಂದರು. ನನಗೆ ಎಚ್ಚರಿಕೆಯ ಒಂದು ಮೆಮೊ ಬಂತು. ಅದನ್ನು ಮಡಚಿ ಕಿನ್ನರಿಯ ಪೆಟ್ಟಿಗೆಯಲ್ಲಿ ಇಟ್ಟೆ. ಕಿನ್ನರಿ ತೆಗೆದಾಗಲೆಲ್ಲ ಕೈಗೆ ಸಿಗುತ್ತಿತ್ತು.

ಹೇಳಬಹುದಿತ್ತು. ಪ್ರತಿ ಭಾನುವಾರ ಹೇಳುತ್ತೇನೆ ಎಂದುಕೊಂಡೇ ನ್ಯಾಮತಿಯ ಬಸ್ಸು ಹತ್ತುತ್ತಿದ್ದೆ. ಯಜಮಾನರಿಗೆ ಆಫೀಸಿನಲ್ಲಿ ಕೂತು ಮಾಡುವ ಹಗುರ ಕೆಲಸ ಕೊಟ್ಟಿದ್ದರು. ಮನೆಯಲ್ಲಿ ಕರಡೆ ಮೊಳೆಗೆ ತೂಗುಬಿದ್ದಿತ್ತು. ಅವರ ಮನೆಯಾಕೆ ನನ್ನನ್ನು ಕಂಡ ಕೂಡಲೇ ಮಂಡಕ್ಕಿ ಒಗ್ಗರಣೆ ಹಾಕುವರು. "ನೀವೊಬ್ರೇ ಅಣ್ಣ ವಾರ ತಪ್ಪದಂಗೆ ಬರೋರು" ಎನ್ನುವರು. ತಟ್ಟೆ ಮುಂದೆ ಬಂದರೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು. ಆದರೂ ತಿನ್ನುತ್ತಿದ್ದೆ, ತಿಂದು ಬರುತ್ತಿದ್ದೆ. ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ವಿಚಾರಣೆಯ ದಿನವಲ್ಲ, ಆ ಮಂಡಕ್ಕಿಯ ತಟ್ಟೆಯ ಮುಂದೆ. ನಿವೃತ್ತಿಗೆ ನಾಲ್ಕು ವರ್ಷವಿದೆ, ಈಗ ಬಾಯಿ ಬಿಟ್ಟರೆ ಪಿಂಚಣಿಯ ಗತಿ ಏನು ಎನ್ನುವ ಯೋಚನೆಯೂ ಜೊತೆಗೇ ಬರುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನದು. ಹೊನ್ನಾಳಿಯಲ್ಲಿ ಆ ಮಹಾಶಯರು ಕಿವಿಯ ಸುದ್ದಿ ಎತ್ತಿದ್ದು ಇದೇ ಕಾಲದಲ್ಲಿ. ಮೇಳವೇ ಇಲ್ಲದೆ, ನಾನೊಬ್ಬನೇ ಸನಾದಿ ಹಿಡಿದು ಹೋಗಿದ್ದೆ.

ಒಂದು ಭಾನುವಾರ ಹೋದಾಗ ಕರಡೆ ಮೊಳೆಯಿಂದ ಇಳಿದಿತ್ತು. ಯಜಮಾನರು ಅದನ್ನು ತೊಡೆಯ ಮೇಲೆ ತಿರುಗಿಸಿ ಇಟ್ಟುಕೊಂಡು ಕೋಲನ್ನು ಎಡಗೈಯಲ್ಲಿ ಹಿಡಿದಿದ್ದರು. ಹಣೆಯ ಮೇಲೆ ಬೆವರು.

"ಎರಡು ತಿಂಗಳಿಂದ ಬಡಿತಿದೀನಿ, ನಿಮಗೆ ಹೇಳಿರ್ಲಿಲ್ಲ" ಎಂದರು. "ಸುಮ್ನೆ ಕೇಳ್ರಿ ಈಗ."

ಒಂದು ಸಣ್ಣ ಮಜಲು ಎತ್ತಿದರು. ಎಡಗೈ ಎಡವುತ್ತಿತ್ತು, ನಡುನಡುವೆ ಕೋಲು ಜಾರುತ್ತಿತ್ತು. ಬಿಡದೆ ಕೊನೆಗೆ ತಂದರು. ಮೂರು ಬಿಡಿ, ಎರಡು ಜೋಡಿ. ನಿಂತರು. ತಲೆಯೆತ್ತಿ ನನ್ನನ್ನು ನೋಡಿದರು, ನಾನೊಬ್ಬನೇ ಇದ್ದರೂ ಅಕ್ಕಪಕ್ಕ ನೋಡಿದರು. ಆಮೇಲೆ ಕೊನೆಯ ಪೆಟ್ಟು ಹಾಕಿದರು.

"ಹೆಂಗೈತೆ? ನನ್ನ ಕೈ ಅನ್ನಂಗೈತಾ ಏನು?"

ನನಗೆ ಎಷ್ಟು ಸಂತೋಷವಾಗಿತ್ತೆಂದರೆ ಬಾಯಿ ತಪ್ಪಿತು. "ಎಡಗೈ ಆದ್ರೇನು ಯಜಮಾನ್ರೇ, ನಿಮ್ದೇ ಕೈ. ಕಣ್ಣು ಮುಚ್ಚಿದ್ರೂ ಹೇಳ್ತೀನಿ. ಆ ತಡೆ ಒಂದು ಸಾಕಲ್ಲ."

ಅವರ ಮುಖದ ಮೇಲಿನ ನಗು ಹಾಗೇ ಇತ್ತು, ಕಣ್ಣಿನಲ್ಲಿ ಮಾತ್ರ ಇಲ್ಲವಾಯಿತು. ಕೋಲನ್ನು ಕೆಳಗಿಟ್ಟರು.

"ಹಂಗಾದ್ರೆ ಆವತ್ತು?"

ನಾನು ಹೇಳಿದೆ. ಫೋನ್ ಬಂದದ್ದು, ಬಡಿದದ್ದು, ತಡೆ ಇಲ್ಲದ್ದು, ಯಾರ ಕೈ ಎಂದು ಗೊತ್ತಾದದ್ದು, ಆದರೂ ಸ್ವಿಚ್ ತಿರುಗಿಸಿದ್ದು. ಮಧ್ಯದಲ್ಲಿ ಅವರ ಮನೆಯಾಕೆ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಶುರು ಮಾಡುವ ಧೈರ್ಯ ನನಗಿರಲಿಲ್ಲ. ಎಲ್ಲ ಕೇಳಿದ ಮೇಲೆ ಆಕೆ ತಟ್ಟೆಯನ್ನು ಹಾಗೆಯೇ ಒಳಗೆ ವಾಪಸ್ ತೆಗೆದುಕೊಂಡು ಹೋದರು.

ಯಜಮಾನರು ತಮ್ಮ ಬಲಗೈಯನ್ನು ನೋಡಿಕೊಂಡರು. "ರಾಡ್ ತೆಗಿ ಅಂದೋನು ನಾನು. ರಾಡ್ ಇಲ್ದೆ ಹತ್ತಿದೋನೂ ನಾನೇ. ಅದನ್ನ ವಿಚಾರಣೆ ದಿನಾನೇ ಬರ್ದು ಕೊಟ್ಟೀನಿ. ಬಡಿಯೋದೊಂದು ಬರೀಲಿಲ್ಲ, ನಿಮಗೆ ತೊಂದ್ರೆ ಆಗ್ತೈತೆ ಅಂತ. ಅವನು ಏನೋ ನನ್ನಂಗೇ ಬಡಿದಿದ್ದಾನೆ, ಸಾರ್ ಮೋಸ ಹೋಗ್ಯಾರೆ ಅಂದ್ಕಂಡಿದ್ದೆ."

ನನಗೆ ಅಳು ಬಂತು.

"ನನ್ನ ಮುಂದೆ ಅಳಬ್ಯಾಡ್ರಿ" ಎಂದರು. ದನಿಯಲ್ಲಿ ಸಿಟ್ಟಿತ್ತು, ನಾನು ಒಂದೂವರೆ ವರ್ಷ ಕಾದಿದ್ದ ಸಿಟ್ಟು. "ನೀವು ಅತ್ರೆ ನನ್ನ ಬೆರಳು ಬರಾಕಿಲ್ಲ. ನಿಜ ಬರ್ದು ಕೊಟ್ರೆ ಅವನ ಕೆಲ್ಸ ಬಂದ್ರೂ ಬರ್ಬೋದು. ಹೋಗ್ರಿ."

ಚನ್ನಗಿರಿಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಪಿಂಚಣಿಯ ಮಾತೆತ್ತುತ್ತಾಳೆ, ಜಗಳವಾಡುತ್ತಾಳೆ, ಆ ನೆಪದಲ್ಲಿ ನಾನು ಬರೆಯದೇ ಇರಬಹುದು ಎಂದು ಮನಸ್ಸಿನ ಯಾವುದೋ ಮೂಲೆಯಲ್ಲಿ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅವಳು ಮೊಮ್ಮಗಳ ನೋಟುಪುಸ್ತಕದಿಂದ ಹಾಳೆ ಹರಿದು ಮುಂದಿಟ್ಟಳು. "ಬರೀರಿ. ಅಕ್ಷರ ನೆಟ್ಟಗಿರ್ಲಿ, ನಿಮ್ಮ ಕೋಳಿಕಾಲು ಅವರಿಗೆ ಓದಾಕೆ ಬರಲ್ಲ" ಎಂದಳು. ಮೂರು ಹಾಳೆ ಆಯಿತು. ಮಳೆಗಾಲದ ಮೊದಲ ಬಡಿತದಿಂದ ಶುರು ಮಾಡಿ, ಪುಸ್ತಕದಲ್ಲಿ ಬರೆದ ಸುಳ್ಳುಗಳನ್ನೂ ಸೇರಿಸಿ, ಕೈ ಬೇರೆಯದೆಂದು ತಿಳಿದೇ ಕರೆಂಟು ಬಿಟ್ಟೆ ಎಂದು ಬರೆದೆ. ಆಫೀಸಿನಲ್ಲಿ ಸಾಹೇಬರು ಅದನ್ನು ಎರಡು ಸಲ ಓದಿದರು. "ಈಗ್ಯಾಕ್ರೀ ಇದು? ಫೈಲ್ ಮುಗ್ದೈತೆ. ನಿಮಗೇನು ಬುದ್ಧಿ ಗಿದ್ಧಿ ಕೆಟ್ಟೈತಾ?" ಎಂದರು. ನಾನು ಎದುರಿಗೆ ನಿಂತೇ ಇದ್ದೆ. ಬೇಸರದಿಂದಲೇ ಸೀಲು ಒತ್ತಿ ಒಂದು ಪ್ರತಿ ನನ್ನ ಕೈಗೆ ಕೊಟ್ಟರು. ಮುಂದೆ ಏನಾಗುತ್ತದೋ ಇನ್ನೂ ಗೊತ್ತಿಲ್ಲ. ಮತ್ತೆ ವಿಚಾರಣೆ ಅಂತೂ ಇದೆ.

ಆ ಪ್ರತಿಯನ್ನು ಹಿಡಿದುಕೊಂಡು ಕೆರೆಬಿಳಚಿಗೆ ಹೋದೆ. ತಾಳದವನು ಅಲ್ಲಿ ಅಡಿಕೆ ಸುಲಿಯುವ ಮೆಷಿನ್ನಿನ ಮೇಲೆ ಕೆಲಸಕ್ಕಿದ್ದ. ಶೆಡ್ಡಿನ ತುಂಬ ಸಿಪ್ಪೆ, ಮೆಷಿನ್ನಿನ ಗಡಗಡ ಸದ್ದು. ನನ್ನನ್ನು ಕಂಡು ಸ್ವಿಚ್ ಆರಿಸಿದ. "ಬರ್ರಿ ಅಣ್ಣ" ಎಂದು ಗೋಣಿಚೀಲ ಕೊಡವಿ ಹಾಸಿದ. ಮೊದಲಿಗಿಂತ ಬಡವಾಗಿದ್ದ. ಯಜಮಾನರ ಮನೆಗೆ ಅವನು ಒಂದೇ ಒಂದು ಸಲವೂ ಹೋಗಿರಲಿಲ್ಲ. ತಾಳಗಳನ್ನು ಯಾರಿಗೋ ಕೊಟ್ಟುಬಿಟ್ಟಿದ್ದಾನೆ ಎಂದು ಕೇಳಿದ್ದೆ.

ನಾನು ಹಾಳೆಗಳನ್ನು ಕೊಟ್ಟೆ. ಅವನು ನಿಂತುಕೊಂಡೇ ಓದಿದ, ತುಟಿ ಅಲ್ಲಾಡಿಸುತ್ತಾ, ನಿಧಾನವಾಗಿ. ಎರಡನೆಯ ಹಾಳೆಗೆ ಬಂದಾಗ ಕೂತುಕೊಂಡ. ಓದಿ ಮುಗಿಸಿ, ಮಡಚಿ, ನನ್ನ ಕೈಗೆ ಕೊಟ್ಟ. ಬೈಯುತ್ತಾನೆ ಎಂದು ಕಾದೆ. ಹೊಡೆದಿದ್ದರೂ ಹೊಡೆಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

"ನಾನು ಬಡಿದಿದ್ದು ಅವರಂಗೇ ಇತ್ತು ಅಂತ ಇಷ್ಟು ದಿನ ಅಂದ್ಕಂಡಿದ್ನಲ್ಲಣ್ಣ" ಎಂದ. "ಅಷ್ಟು ಚಂದ ಕಲ್ತಿದ್ದಕ್ಕೇ ಅವರ ಕೈ ಹೋತು ಅಂತ. ನಿಮ್ಮ ಕಿವೀನೇ ಮೋಸ ಹೋತು ಅಂದ್ರೆ ಹೆಂಗೆ ಬಡಿದಿರ್ಬೇಕು ನಾನು ಅಂತ. ಅದಕ್ಕೇ ಮತ್ತೆ ಯಾವ್ದೂ ಮುಟ್ಲಿಲ್ಲ."

ಇದು ನನ್ನ ಮೂರು ಹಾಳೆಗಳಲ್ಲಿ ಎಲ್ಲೂ ಇರಲಿಲ್ಲ.

"ಎಲ್ಲಿ ತಪ್ಪಿತ್ತು?" ಎಂದು ಕೇಳಿದ.

"ಜೋಡಿ ಪೆಟ್ಟು ಆದ್ಮೇಲೆ ನಿಲ್ಬೇಕು. ನೀನು ನಿಲ್ಲಿಲ್ಲ."

ಅವನು ಪಕ್ಕದಲ್ಲಿ ಬಿದ್ದಿದ್ದ ಸ್ಪ್ಯಾನರ್ ಎತ್ತಿಕೊಂಡ. ಮೆಷಿನ್ನಿನ ಕಬ್ಬಿಣದ ಕಾಲಿಗೆ ಬಡಿದ. ಮೂರು ಬಿಡಿ, ಎರಡು ಜೋಡಿ. ನಿಂತ. ಶೆಡ್ಡಿನ ಬಾಗಿಲ ಕಡೆ ನೋಡಿದ, ನನ್ನ ಕಡೆ ನೋಡಿದ. ನಿಧಾನವಾಗಿ ಕೊನೆಯ ಪೆಟ್ಟು ಹಾಕಿದ.

"ಈಗ?"

ಈ ಮನುಷ್ಯನ ಮುಂದೆ ಇನ್ನೊಂದು ಸುಳ್ಳು ಹೇಳಬಾರದು ಅನ್ನಿಸಿತು. "ಈಗ ಸರಿ ಐತೆ" ಎಂದೆ. "ಆದ್ರೂ ನಿನ್ನ ಕೈ ಅಂತ ಗೊತ್ತಾಗ್ತೈತೆ."

"ಆವತ್ತೂ ಗೊತ್ತಾಗಿತ್ತಲ್ಲಣ್ಣ" ಎಂದು ಅವನು ಸ್ಪ್ಯಾನರ್ ಕೆಳಗಿಟ್ಟು ಮೆಷಿನ್ ಸ್ವಿಚ್ ಹಾಕಿದ.